ಬಯಕೆ ಊಟದ ನಡುವೆ ಎದ್ದದ್ದು

ಮಗಳ ಬಯಕೆ ಊಟದ ದಿನ, ಹೋಳಿಗೆ ಬಡಿಸುವುದಕ್ಕೆ ಮೊದಲೇ ಅವಳನ್ನು ಎಲೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದವನು ನಾನು. ಈ ಮಾತನ್ನು ನಮ್ಮ ನೆಂಟರು ಈಗಲೂ ಆಡುತ್ತಾರೆ. ನನ್ನ ಎದುರಿಗೆ ಆಡುವುದಿಲ್ಲ, ಬೆನ್ನ ಹಿಂದೆಯೂ ಆಡುವುದಿಲ್ಲ; ಪಕ್ಕದಲ್ಲಿ ಕೂತು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ, ಇನ್ನೊಬ್ಬರಿಗೆ ಹೇಳುತ್ತಾರೆ. ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರ ಊಟ ಮುಗಿಯುವವರೆಗೆ ಯಾರೂ ಏಳಬಾರದೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಶಿಸ್ತು. ಅದರಲ್ಲೂ ಅದು ಬಸುರಿಯ ಬಯಕೆ ಊಟ. ಅಂಥ ಎಲೆ ಅರ್ಧಕ್ಕೆ ನಿಂತರೆ ಎಂದು ಶುರುಮಾಡಿ ವಾಕ್ಯವನ್ನು ಅಲ್ಲಿಗೇ ಬಿಡುತ್ತಾರೆ. ಮುಗಿಸುವ ಧೈರ್ಯ ಈಗ ಯಾರಿಗೂ ಇಲ್ಲ. ಅದಕ್ಕೇ ನಾನೇ ಮೊದಲಿನಿಂದ ಹೇಳಿ ಮುಗಿಸುತ್ತೇನೆ.

ನಾನು ಕೆಲಸ ಮಾಡಿದ್ದು ಶಿರಸಿಯ ಬಸ್ ನಿಲ್ದಾಣದಲ್ಲಿ, ಸಂಚಾರ ನಿಯಂತ್ರಕನಾಗಿ. ಜನ ಕಂಟ್ರೋಲರ್ ಎನ್ನುತ್ತಿದ್ದರು. ಬಸ್ಸು ಹೊರಡುವ ಹೊತ್ತಿಗೆ ಹೊರಡಿಸುವುದು ನನ್ನ ಕೆಲಸ. ಒಬ್ಬರು ಚಹಾ ಕುಡಿಯುತ್ತಿದ್ದಾರೆ, ಇನ್ನೊಬ್ಬರು ಕೊತ್ತಂಬರಿ ತರಲು ಹೋಗಿದ್ದಾರೆ, ಒಂದು ನಿಮಿಷ ತಡೆಯಿರಿ ಎಂದು ಗೋಗರೆಯುವವರನ್ನು ನಾನು ಬದುಕಿಡೀ ನೋಡಿದ್ದೇನೆ. ಅವರಿಗೆ ತಮ್ಮ ಒಂದು ನಿಮಿಷ ಕಾಣುತ್ತದೆ. ಮುಂದಿನ ಊರುಗಳಲ್ಲಿ ಬಿಸಿಲಿನಲ್ಲಿ ಕಾದು ನಿಂತವರು ಕಾಣುವುದಿಲ್ಲ. ನಿವೃತ್ತಿಯ ನಂತರ ನಾನು ಯಲ್ಲಾಪುರದ ಮನೆಯಲ್ಲಿದ್ದೇನೆ. ಹೆಂಡತಿ ತೀರಿಹೋಗಿ ವರ್ಷಗಳಾದವು. ಎರಡು ಬೀದಿಯಾಚೆ ನನ್ನ ಅಕ್ಕ ಇದ್ದಾಳೆ, ನನ್ನನ್ನು ಆಳುವುದಕ್ಕೆ. ಇರುವವಳು ಒಬ್ಬಳೇ ಮಗಳು. ಸಿದ್ದಾಪುರದ ಪೇಟೆಯಲ್ಲಿ ಅವಳ ಸಂಸಾರ. ಅಳಿಯನಿಗೆ ಪುಸ್ತಕ, ಝೆರಾಕ್ಸಿನ ಅಂಗಡಿ; ಮಗಳಿಗೆ ಅಲ್ಲಿಯೇ ಒಂದು ಸಹಕಾರಿ ಸಂಘದಲ್ಲಿ ಕೆಲಸ. ಮನೆಯಲ್ಲಿ ಅಳಿಯನ ತಾಯಿ, ಅಂದರೆ ನನ್ನ ಬೀಗಿತ್ತಿ.

ಹೊಟ್ಟೆಯಲ್ಲಿರುವುದು ಅವಳಿ ಎಂದು ತಿಳಿದ ದಿನ ಶಿರಸಿಯ ಡಾಕ್ಟರಮ್ಮ ನಮ್ಮ ಮೂವರನ್ನೂ, ಮಗಳು, ಅಳಿಯ ಮತ್ತು ನನ್ನನ್ನು, ಎದುರು ಕೂರಿಸಿಕೊಂಡು ಕಾಗದದ ಮೇಲೆ ಒಂದು ಚಿತ್ರ ಬರೆದರು. ದೊಡ್ಡದೊಂದು ವೃತ್ತ, ಒಳಗೆ ಎರಡು ಚೀಲ, ಗೋಡೆಗೆ ಅಂಟಿಕೊಂಡ ಒಂದೇ ಒಂದು ಮಾಸು.

“ಇಬ್ಬರಿಗೂ ಆಹಾರ ಬರೋದು ಈ ಒಂದೇ ಮಾಸಿನಿಂದ. ಒಳಗೆ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಕೆಲವರಲ್ಲಿ ಒಂದು ಮಗುವಿನ ರಕ್ತ ಇನ್ನೊಂದರ ಕಡೆ ಹರಿಯೋಕೆ ಶುರುವಾಗುತ್ತೆ. ಕೊಡೋದು ಒಣಗುತ್ತೆ. ತಗೊಳ್ಳೋದಕ್ಕೆ ತಡೆಯೋಕಾಗದಷ್ಟು ಆಗುತ್ತೆ, ಅದರ ಸುತ್ತ ನೀರು ತುಂಬುತ್ತೆ. ಎರಡಕ್ಕೂ ಅಪಾಯ. ಎಲ್ಲರಿಗೂ ಆಗೋದಿಲ್ಲ. ಆದ್ರೆ ಬೇಗ ಗೊತ್ತಾಗಬೇಕು.”

ಹದಿನೈದು ದಿನಕ್ಕೊಮ್ಮೆ ಗುರುವಾರ ಹುಬ್ಬಳ್ಳಿಯಿಂದ ಸ್ಕ್ಯಾನಿಂಗ್ ತಜ್ಞರು ಶಿರಸಿಗೆ ಬರುತ್ತಾರೆ, ಆ ದಿನ ತಪ್ಪಿಸಬೇಡಿ ಎಂದರು. ಕೊನೆಗೆ ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದರು. “ಹೊಟ್ಟೆ ಇದ್ದಕ್ಕಿದ್ದಂತೆ ದೊಡ್ಡದಾದ್ರೆ, ಬಿಗಿಯಾದ್ರೆ, ಉಸಿರು ಕಟ್ಟಿದ್ರೆ ತಾರೀಖು ನೋಡಬೇಡಿ. ಅದೇ ದಿನ ಬನ್ನಿ.”

ಇಷ್ಟೇ ನಿಯಮ. ಮೂರನೇ ಕ್ಲಾಸಿನ ಹುಡುಗನಿಗೆ ಹೇಳಿದರೂ ನೆನಪಿಟ್ಟುಕೊಳ್ಳುತ್ತಿದ್ದ. ಆದರೆ ಮನೆಗೆ ಬಂದು ಹೇಳಿದಾಗ ನಮ್ಮವರ ಕಿವಿಗೆ ಬಿದ್ದದ್ದು ಒಂದೇ ಶಬ್ದ, ಅವಳಿ. ಮಿಕ್ಕದ್ದನ್ನೆಲ್ಲ ಡಾಕ್ಟರರು ಹೆದರಿಸುವುದಕ್ಕೆ ಹೇಳುವ ಮಾತು ಎಂದು ಬದಿಗಿಟ್ಟರು. ನನ್ನ ಮಗಳನ್ನು ಈಗಲೂ ಕೂಸು ಎಂದೇ ಕರೆಯುವ ಅಕ್ಕ ಫೋನಿನಲ್ಲಿ ಮೊದಲು ಕೇಳಿದ ಪ್ರಶ್ನೆ, “ಜೋಡಿ ಬಾಳೆಹಣ್ಣು ಎಲ್ಲಿ ತಿಂದಿತ್ತು ಕೂಸು? ಆನು ಹೇಳಿದ್ದೆ, ಕೂಡಿಕೊಂಡ ಹಣ್ಣು ತಿನ್ನಲಾಗ ಹೇಳಿ.” ಎರಡನೆಯ ಪ್ರಶ್ನೆ, ಗಂಡೋ ಹೆಣ್ಣೋ. ಅದನ್ನು ಹೇಳುವುದು ಕಾನೂನಿಗೆ ವಿರುದ್ಧ ಎಂದೆ. “ಕಾನೂನು ಅವ್ಕಾತು. ನಿಂಗೆ ಕಣ್ಣಿಲ್ಯ? ಟೀವಿಲಿ ತೋರಿಸ್ತ್ವಲ ಸ್ಕ್ಯಾನಿಂಗು.” ಆ ಟೀವಿಯಲ್ಲಿ ನನಗೆ ಕಂಡದ್ದು ಬೂದು ಬಣ್ಣದ ಎರಡು ಮೋಡ.

ಮುಂದಿನ ಸ್ಕ್ಯಾನಿಂಗಿನಲ್ಲಿ ಒಂದು ಮಗು ಚೂರು ದೊಡ್ಡದು, ಇನ್ನೊಂದು ಚೂರು ಸಣ್ಣದು ಎಂದರು. ಗಾಬರಿಯಾಗುವಂಥದಲ್ಲ, ನೋಡುತ್ತಿರೋಣ ಎಂದರು. ಕಂಟ್ರೋಲರನ ಮಗಳಲ್ಲವೇ, ಅವಳು ದೊಡ್ಡದಕ್ಕೆ ಎಕ್ಸ್‌ಪ್ರೆಸ್ ಎಂದೂ ಸಣ್ಣದಕ್ಕೆ ಲೋಕಲ್ ಎಂದೂ ಹೆಸರಿಟ್ಟಳು. ಫೋನು ಮಾಡಿದಾಗಲೆಲ್ಲ ನಾನು ಅದನ್ನೇ ಕೇಳುತ್ತಿದ್ದೆ. “ಎಕ್ಸ್‌ಪ್ರೆಸ್ ಎಡಗಡೆ ನಿಂತಿದ್ದು ಅಪ್ಪಯ್ಯ, ಲೋಕಲ್ ಬಲಗಡೆ. ಎರಡೂ ರೈಟ್ ಟೈಮು” ಎನ್ನುತ್ತಿದ್ದಳು.

ಅಷ್ಟರಲ್ಲಿ ಬಯಕೆಯ ಕಾಟ ಶುರುವಾಯಿತು. ನಮ್ಮಲ್ಲಿ ಬಸುರಿಗೆ ನೆಂಟರ ಮನೆಗಳಿಂದ ತಿಂಡಿ ಬರುತ್ತದೆ, ಅಥವಾ ಅವಳನ್ನೇ ಕರೆದು ಉಣ್ಣಿಸುತ್ತಾರೆ. ಒಳ್ಳೆಯ ಪದ್ಧತಿ, ಅಳತೆಯಲ್ಲಿದ್ದರೆ. ಅವಳಿ ಎಂದಾದ ಮೇಲೆ ಅಳತೆಯೇ ಇಲ್ಲದಾಯಿತು. ಹುಲೇಕಲ್ಲಿನ ಚಿಕ್ಕಮ್ಮ ತುಪ್ಪದ ಡಬ್ಬಿ ಹೊತ್ತು ತಂದಳು. ವಾನಳ್ಳಿಯ ಅತ್ತಿಗೆ ಅತ್ರಾಸು ತಂದಳು, ಅದರ ಮೇಲೆ ತೊಡದೇವು. ಅಕ್ಕ ಯಲ್ಲಾಪುರದಿಂದ ಬಸ್ಸಿಗೆ ಪೊಟ್ಟಣ ಹಾಕಿ ಕಳಿಸುತ್ತಿದ್ದಳು, ನಾನು ಬೇಡವೆಂದರೂ. “ತಮಾ, ಎರಡು ಕೂಸು ಹೊತ್ತದ್ದು ಮೂರು ಜನದ ಊಟ ಮಾಡವು. ನಿನ್ನ ಕೇಳಿ ಬಡಿಸಿದ್ರೆ ಕೂಸು ಅರೆಹೊಟ್ಟೆಲಿ ಸಾಯ್ತು.” ಮಗಳಿಗೆ ನಿಜಕ್ಕೂ ಬಾಯಿಗೆ ಹಿಡಿಸುತ್ತಿದ್ದುದು ಮಾವಿನಕಾಯಿಯ ತೆಳ್ಳನೆಯ ಸಾರು, ಅಪ್ಪೆಹುಳಿಯೊಂದೇ. ಅದನ್ನು ಯಾರೂ ತರಲಿಲ್ಲ. ಅದು ನೀರಾಯಿತು, ಬಯಕೆಗೆ ನೀರು ತರುತ್ತಾರೆಯೇ ಎಂಬುದು ಅವರ ವಾದ.

ಬೀಗಿತ್ತಿ ಆಗ ದೊಡ್ಡ ಊಟವನ್ನೇ ಇಟ್ಟುಕೊಳ್ಳುವುದೆಂದು ಹೊರಟರು. ಅವಳಿ ಮಕ್ಕಳು ಬೇಗ ಹುಟ್ಟುತ್ತವೆ, ಏಳನೇ ತಿಂಗಳವರೆಗೆ ಕಾಯುವುದು ಬೇಡ, ಸೀಮಂತ ಮತ್ತು ಬಯಕೆ ಊಟ ಎರಡನ್ನೂ ಈಗಲೇ ಮುಗಿಸುವುದು ಎಂದು. ಪುರೋಹಿತರು ಪಂಚಾಂಗ ನೋಡಿ ಒಂದು ಗುರುವಾರ ಹೇಳಿದರು. ಅದು ಸ್ಕ್ಯಾನಿಂಗಿನ ಗುರುವಾರ.

ನಾನು ಸಿದ್ದಾಪುರಕ್ಕೆ ಹೋಗಿ ಕೂತು ಮಾತಾಡಿದೆ. ಬೀಗಿತ್ತಿ ಒಳ್ಳೆಯ ಹೆಂಗಸು, ಏರಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅಂಥವರ ಹತ್ತಿರ ಜಗಳಾಡುವುದು ಇನ್ನೂ ಕಷ್ಟ.

“ಮುಹೂರ್ತ ನಮ್ಮ ಕೈಲಿ ಇಲ್ಲೆ ಭಾವ. ಇದು ಬಿಟ್ರೆ ಮುಂದೆ ಗುರು ಅಸ್ತ ಬತ್ತು, ಒಂದೂವರೆ ತಿಂಗಳು ಎಂತದೂ ಮಾಡಲಾಗ್ತಿಲ್ಲೆ. ಸ್ಕ್ಯಾನಿಂಗು ಯಾವಾಗ ಬೇಕಾರೂ ಆಗ್ತು.”

“ಯಾವಾಗ ಬೇಕಾರೂ ಆಗ್ತು ಹೇಳಾದ್ರೆ ಡಾಕ್ಟರು ದಿನ ಎಂತಕ್ಕೆ ಕೊಡ್ತ?”

“ಅವ್ಕೆ ಪುರುಸೊತ್ತಿಪ್ಪ ದಿನ ಕೊಡ್ತ.”

ಪುರೋಹಿತರಿಗೂ ಪುರುಸೊತ್ತಿರುವ ದಿನವೇ ಮುಹೂರ್ತ ಬರುತ್ತದೆಯೆಂದು ನನಗೆ ಅನುಭವದಿಂದ ಗೊತ್ತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮಗಳೇ ನಡುವೆ ಬಂದು, ಹಿಂದಿನ ಸಲ ಎಲ್ಲ ಸರಿಯಿತ್ತಲ್ಲ, ಊಟ ಮುಗಿಸಿ ಮರುವಾರ ಹುಬ್ಬಳ್ಳಿಗೇ ಹೋಗಿ ಮಾಡಿಸಿಕೊಂಡು ಬರುತ್ತೇವೆ ಎಂದಳು. ಅಳಿಯ ತಲೆಯಾಡಿಸಿದ. ಅಳಿಯನ ಬಗ್ಗೆ ಒಂದು ಮಾತು ಹೇಳಬೇಕು. ಹೆಂಡತಿ ಬಸುರಿಯಾದ ಗಂಡ ಕ್ಷೌರ ಮಾಡಿಸಬಾರದೆಂಬ ಕಟ್ಟುಪಾಡನ್ನು ಅವನು ತಾಯಿಯ ಮಾತಿಗೆ ಕಟ್ಟುಬಿದ್ದು ಪಾಲಿಸುತ್ತಿದ್ದ. ಗಡ್ಡ ಆಗಲೇ ಎದೆಯ ಕಡೆ ಹೊರಟಿತ್ತು. ಆ ಗಡ್ಡದ ಹಿಂದಿನಿಂದ ಅವನು ಹೇಳುತ್ತಿದ್ದುದು ಹೌದೋ ಅಲ್ಲವೋ ನನಗೆ ತಿಳಿಯುತ್ತಲೇ ಇರಲಿಲ್ಲ.

ಊಟದ ದಿನ ನಾನು ಬೆಳಗಿನ ಬಸ್ಸಿಗೇ ಹೊರಟು ಶಿರಸಿಯಲ್ಲಿ ಬಸ್ಸು ಬದಲಿಸಿ ಹೋದರೂ ಸಿದ್ದಾಪುರದಲ್ಲಿ ಆಗಲೇ ಹೋಮದ ಹೊಗೆ. ಮಗಳು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ದೂರದಿಂದ ನೋಡಿದೆ. ಊಟಕ್ಕೆ ಎಲೆ ಹಾಕಿದ ಮೇಲೆ, ಎದುರು ಸಾಲಿನಲ್ಲಿ ಕೂತು, ಹತ್ತಿರದಿಂದ ನೋಡಿದೆ. ಎಲೆಯತ್ತ ಬಗ್ಗಲು ಅವಳಿಗೆ ಆಗುತ್ತಿರಲಿಲ್ಲ. ಬಲಗೈ ಎಲೆಯಲ್ಲಿ, ಎಡಗೈ ಹಿಂದಕ್ಕೆ ನೆಲಕ್ಕೆ ಊರಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಒಂದು ತುತ್ತು ನುಂಗಿ, ಉಸಿರು ತೆಗೆದುಕೊಂಡು, ಮತ್ತೊಂದು ತುತ್ತು.

ಸುತ್ತಲಿನ ಹೆಂಗಸರಿಗೆ ಹೊಟ್ಟೆಯೊಂದೇ ಕಾಣುತ್ತಿತ್ತು.

“ಎಂತಾ ಚಂದ ಬೈಂದು ಹೊಟ್ಟೆ” ಎಂದಳು ವಾನಳ್ಳಿಯ ಅತ್ತಿಗೆ. “ನಮ್ಮನೆ ಅತ್ರಾಸಿನ ಗುಣ. ಹೋದ ವಾರ ಆನು ಬಂದಾಗ ಇಷ್ಟು ಇತ್ತಿಲ್ಲೆ.”

“ಅತ್ರಾಸು ತಿಂದ್ರೆ ಹೊಟ್ಟೆ ಬತ್ತ?” ಎಂದಳು ಹುಲೇಕಲ್ಲಿನ ಚಿಕ್ಕಮ್ಮ. “ಆನು ಕೊಟ್ಟ ತುಪ್ಪ ಅದು. ಒಂದು ವಾರದಲ್ಲಿ ತುಂಬಿಕ್ಯಂಡತ್ತು ನೋಡು.”

“ಎರಡಿದ್ದಲೆ. ಒಂದು ನಿನ್ನ ಲೆಕ್ಕ, ಒಂದು ಅದರ ಲೆಕ್ಕ” ಎಂದು ಯಾರೋ ರಾಜಿ ಮಾಡಿಸಿದರು. ಸಾಲಿಡೀ ನಕ್ಕಿತು. ಮಗಳೂ ನಗಲು ನೋಡಿದಳು, ಉಸಿರು ಸಾಲದೆ ಅರ್ಧಕ್ಕೆ ಬಿಟ್ಟಳು.

ಒಂದು ವಾರದಲ್ಲಿ ತುಂಬಿಕೊಂಡಿತು ಎಂಬ ಮಾತು ನನ್ನ ಕೈಯನ್ನು ಎಲೆಯ ಮೇಲೆ ನಿಲ್ಲಿಸಿಬಿಟ್ಟಿತು. ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಹೇಳಿದ್ದನ್ನೇ ಇವರು ತುಪ್ಪದ ಹೊಗಳಿಕೆಯಾಗಿ ಹೇಳುತ್ತಿದ್ದರು.

“ತಂಗಿ, ಎಂತ ಆತು?” ಎಂದು ಎದುರು ಸಾಲಿನ ಮಗಳನ್ನು ಕೂತಲ್ಲಿಂದಲೇ ಕೇಳಿದೆ.

“ಎಂತದೂ ಇಲ್ಲೆ ಅಪ್ಪಯ್ಯ. ಉಸಿರು ಸಾಲ್ತಿಲ್ಲೆ ಅಷ್ಟೇ.”

“ಯಾವಾಗಿಂದ?”

“ಮೂರು ನಾಕು ದಿನ ಆತು. ಮಲಗಲೆ ಆಗ್ತಿಲ್ಲೆ. ಎರಡಿದ್ರೆ ಹಂಗೇಯ ಹೇಳ್ತ ಎಲ್ಲರೂವ.” ಆಮೇಲೆ, ದನಿ ತಗ್ಗಿಸಿ, “ಲೋಕಲ್ ಎಲ್ಲಿದ್ದು ಹೇಳಿ ಗೊತ್ತಾಗ್ತಿಲ್ಲೆ. ಬಲಗಡೆ ಎಂತದೂ ಇಲ್ಲೆ. ಇವತ್ತು ಊಟ ಮುಗೀಲಿ, ನಾಳೆ ಡಾಕ್ಟರಿಗೆ ಫೋನು ಮಾಡ್ತೆ.”

ನಾನು ಎದ್ದೆ.

ಪಂಕ್ತಿಯಲ್ಲಿ ಒಬ್ಬ ಎದ್ದರೆ ಏನಾಗುತ್ತದೆಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅಷ್ಟು ಜನರ ಕೈ ಒಟ್ಟಿಗೆ ನಿಂತಿತು. ಸಾಂಬಾರಿನ ಸೌಟು ಹಿಡಿದವನು ಸೌಟಿನೊಂದಿಗೇ ನಿಂತ. ಪುರೋಹಿತರು ಬಾಯಲ್ಲಿದ್ದ ತುತ್ತನ್ನು ನುಂಗಬೇಕೋ ಬೇಡವೋ ಎಂದು ನನ್ನನ್ನೇ ನೋಡಿದರು. ನಾನು ಸಾಲು ಸುತ್ತಿ ಹೋಗಿ ಮಗಳ ತೋಳು ಹಿಡಿದು, ಏಳು, ಶಿರಸಿಗೆ ಹೋಗುವುದು ಎಂದೆ.

“ಭಾವ, ಹೋಳಿಗೆ ಬಪ್ಪಲಾತು” ಎಂದರು ಬೀಗಿತ್ತಿ. ದನಿ ಏರಿಸಲಿಲ್ಲ. “ಬಯಕೆ ಊಟದ ಎಲೆ. ಅರ್ಧಕ್ಕೆ ಎಬ್ಬಸಡಿ. ಕಾಲು ಗಂಟೆ ತಡೀರಿ.”

“ತಮಾ, ಕೂರು” ಎಂದಳು ಸಾಲಿನ ತುದಿಯಿಂದ ನನ್ನ ಅಕ್ಕ. “ಇದು ಬಸ್‌ಸ್ಟ್ಯಾಂಡ್ ಅಲ್ಲ.”

“ಬಸ್‌ಸ್ಟ್ಯಾಂಡ್ ಆಗಿದ್ರೆ ಇಷ್ಟೊತ್ತಿಗೆ ಹೊರಟಾಗಿತ್ತು” ಎಂದೆ.

ಮಗಳು ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಲೋಟದ ನೀರನ್ನು ಎಲೆಯ ಮೇಲೇ ಬಿಟ್ಟು ಕೈ ತೊಳೆದುಕೊಂಡಳು. ಅಲ್ಲಿಗೆ ಆ ಊಟ ಮುಗಿದಂತೆ. ಅಳಿಯ ಹೋಳಿಗೆಯ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಪಾತ್ರೆ ಕೆಳಗಿಟ್ಟು ಕಾರಿನ ಕೀಲಿ ತೆಗೆದುಕೋ ಎಂದೆ. ಅವನು ತಾಯಿಯನ್ನು ನೋಡಿದ, ಗಡ್ಡ ಸವರಿದ, ಗಡಿಬಿಡಿಯಲ್ಲಿ ಪಾತ್ರೆಯನ್ನು ಒಯ್ದು ಪುರೋಹಿತರ ಎಲೆಯ ಮೇಲಿಟ್ಟ. ಆದರೆ ಬಂದ. ಅದಕ್ಕೆ ಅವನಿಗೆ ಪೂರ್ತಿ ಅಂಕ ಕೊಡುತ್ತೇನೆ.

ಶಿರಸಿಯಲ್ಲಿ ತಜ್ಞರು ಆಗಲೇ ಕೆಲಸ ಮುಗಿಸಿ ಹುಬ್ಬಳ್ಳಿಗೆ ಹೊರಟುಹೋಗಿದ್ದರು. ಅವರು ಕೂತ ಕೋಣೆಯಲ್ಲಿ ಫ್ಯಾನು ಇನ್ನೂ ತಿರುಗುತ್ತಿತ್ತು. ಡಾಕ್ಟರಮ್ಮ ತಾವೇ ಯಂತ್ರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ಒಂದರ ಸುತ್ತ ನೀರು ತುಂಬಿಹೋಗಿದೆ. ಇನ್ನೊಂದಕ್ಕೆ ನೀರೇ ಇಲ್ಲ, ಗೋಡೆಗೆ ಅಂಟಿಕೊಂಡು ಕೂತಿದೆ. ಅವತ್ತು ಚಿತ್ರ ಬರೆದು ತೋರಿಸಿದ್ನಲ್ಲ, ಅದೇ.”

ಲೋಕಲ್ ಇದೆಯೇ ಎಂದು ಮಗಳು ಕೇಳಿದಳು. ಅವರಿಗೆ ಅರ್ಥವಾಗಲಿಲ್ಲ. ಸಣ್ಣದು ಎಂದು ನಾನು ತಿಳಿಸಿ ಹೇಳಿದೆ.

“ಎರಡರದ್ದೂ ಹೃದಯ ಹೊಡ್ಕೊಳ್ತಾ ಇದೆ. ಆದ್ರೆ ಹೀಗೇ ಬಿಟ್ರೆ ಎರಡೂ ಉಳಿಯೋದು ಕಷ್ಟ. ಒಂದು ಸಣ್ಣ ನಳಿಗೆ ಒಳಗೆ ಬಿಟ್ಟು, ಲೇಸರಿನಿಂದ ಆ ಕೂಡಿಕೊಂಡ ನಾಳಗಳನ್ನ ಸುಟ್ಟು ಮುಚ್ತಾರೆ. ನಾನು ಮಾಡೋ ಕೆಲಸ ಅಲ್ಲ ಅದು, ಬೆಂಗಳೂರಲ್ಲಿ ಮಾಡ್ತಾರೆ. ಈಗ್ಲೇ ಮಾತಾಡ್ತೀನಿ. ನಾಳೆ ಬೆಳಗಾಗುತ್ತಲೇ ಹೊರಡಿ.”

“ಮಾಡಿಸಿದ್ರೆ ಎರಡೂ ಉಳೀತಾವೆಯೇ?” ಎಂದು ಅಳಿಯ ಕೇಳಿದ. ಅವನ ಬಾಯಿಂದ ನಾನು ಸ್ಪಷ್ಟವಾಗಿ ಕೇಳಿದ ಮೊದಲ ಪೂರ್ತಿ ವಾಕ್ಯ ಅದು.

“ಎರಡೂ ಉಳೀಬಹುದು. ಒಂದೇ ಉಳೀಬಹುದು. ಮಾತು ಕೊಡೋಕಾಗಲ್ಲ.”

ಇಷ್ಟು ಕೇಳಿ ಹೊರಗೆ ಬಂದರೆ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕನೂ ಬೀಗಿತ್ತಿಯೂ ಕೂತಿದ್ದರು. ಹಿಂದೆಯೇ ಇನ್ನೊಂದು ವಾಹನ ಮಾಡಿಕೊಂಡು ಬಂದಿದ್ದರು, ಹೋಳಿಗೆಯ ಡಬ್ಬಿ ಸಮೇತ. ವಿಷಯ ತಿಳಿಸಿದೆ. ಹೆದರಿದರು, ಇಬ್ಬರೂ ನಿಜವಾಗಿಯೇ ಹೆದರಿದರು. ಹೆದರಿದಾಗ ನಮ್ಮ ಜನ ಮಾಡುವುದನ್ನೇ ಮಾಡಿದರು, ಪಂಚಾಂಗ ತೆಗೆದರು.

“ನಾಳೆ ಶುಕ್ರವಾರ ಭಾವ. ಶುಕ್ರವಾರ ಮನೆ ಹೆಣ್ಣುಮಗಳನ್ನ ಹೊರಗೆ ಕಳಸ್ತ್ವಿಲ್ಲೆ. ಶನಿವಾರ ಹೊರಟ್ರೆ ಆಗ್ತಿಲ್ಯ?”

“ಅದೂ ಅಲ್ದೆ ಬಸುರಿ ಹೊಳೆ ದಾಂಟಲಾಗ” ಎಂದಳು ಅಕ್ಕ.

ಹರಿಹರದ ಹತ್ತಿರ ತುಂಗಭದ್ರೆಯ ಸೇತುವೆ ದಾಟದೆ ಶಿರಸಿಯಿಂದ ಬೆಂಗಳೂರಿಗೆ ಹೋಗುವ ದಾರಿ ಇದೆಯೇ ಎಂದು ನನ್ನನ್ನು ಕೇಳಬೇಕೆ? ಬೇಕಾದರೆ ದಿಕ್ಕು ದಿಕ್ಕಿನ ಊರುಗಳನ್ನು ಸುತ್ತಿಸುವ ಮಾರ್ಗ ಹೇಳಿಕೊಡುತ್ತೇನೆ, ಅಲ್ಲಿಯೂ ಇನ್ನೊಂದು ಹೊಳೆ ಸಿಗುತ್ತದೆ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದಿರಬೇಕು, ನರ್ಸು ಬಂದು ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಮಗಳು ಗೋಡೆ ಹಿಡಿದು ಹೊರಗೆ ಬಂದಳು.

“ಆನು ಹೋಗ್ತೆ. ನಿಂಗ ಎಲ್ಲ ಮಾತಾಡಿ ಮುಗಿದ ಮೇಲೆ ಫೋನು ಮಾಡಿ” ಎಂದಳು.

ಬೀಗಿತ್ತಿ ಡಬ್ಬಿಯನ್ನು ಅವಳ ಕೈಗೆ ಕೊಡಲು ಹೋಗಿ, ತೆಗೆದುಕೊಳ್ಳುವ ಕೈ ಅವಳಿಗೆ ಇಲ್ಲವೆಂದು ಕಂಡು, ತಮ್ಮ ಮಡಿಲಿಗೇ ಇಟ್ಟುಕೊಂಡರು.

ಬೆಳಿಗ್ಗೆ ಹೊರಟೆವು. ಅಳಿಯ ಮಗಳ ಪಕ್ಕದಲ್ಲಿರಲಿ ಎಂದು ಬನವಾಸಿ ಕಡೆಯ ಒಬ್ಬ ಡ್ರೈವರನನ್ನು ಗೊತ್ತುಮಾಡಿದ್ದೆ. “ಯಜಮಾನ್ರ, ನೀವು ಮುಂದ ಕುಂದ್ರಿ. ಗುಂಡಿ ಬಂದಾಗ ನಾ ಮೊದಲ ಹೇಳ್ತೇನ್ರಿ, ಅಕ್ಕಾರು ಹೊಟ್ಟಿ ಹಿಡ್ಕೊಳ್ಳಲಿ” ಎಂದ. ಹಾವೇರಿ ಮುಟ್ಟುವವರೆಗೂ ಅವನು ಗುಂಡಿಗಳನ್ನು ಹೆಸರು ಹಿಡಿದು ಕರೆಯುವವನ ಹಾಗೆ ಹೇಳುತ್ತಲೇ ಇದ್ದ. ಗುಂಡಿ ಬಂತ್ರಿ. ದೊಡ್ಡದು ಬಂತ್ರಿ. ಈಗ ಎರಡು ಅದಾವ್ರಿ. ಮಗಳು ಹಿಂದಿನ ಸೀಟಿನಲ್ಲಿ ಎಡಮಗ್ಗುಲಾಗಿ ಒರಗಿದ್ದಳು. ಅವಳ ತಲೆ ಗಂಡನ ತೊಡೆಯ ಮೇಲೆ. ಇತ್ತ ನನ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅಕ್ಕನದು ಒಮ್ಮೆ, ಚಿಕ್ಕಮ್ಮನದು ಒಮ್ಮೆ. ಯಾರಿಗೂ ಕೇಳಬೇಕಾದದ್ದು ಏನೂ ಇರಲಿಲ್ಲ, ಎಲ್ಲರಿಗೂ ಹೇಳಬೇಕಾದದ್ದು ಇತ್ತು. ಸೇತುವೆಯ ಮೇಲೆ ಇರುವಾಗಲೇ ಅಕ್ಕ ಮತ್ತೆ ಫೋನು ಮಾಡಿ, ಹೊಳೆ ಬಂದಾಗ ಒಂದು ನಾಣ್ಯ ಹಾಕು ಎಂದಳು. ಡ್ರೈವರನಿಗೆ ನಿಲ್ಲಿಸಲು ಹೇಳಲಿಲ್ಲ. ಅಳಿಯ ಮಾತ್ರ ಗಾಜು ಇಳಿಸಿ ಏನನ್ನೋ ಎಸೆದದ್ದನ್ನು ನಾನು ಕನ್ನಡಿಯಲ್ಲಿ ನೋಡಿ ನೋಡದವನಂತೆ ಕೂತೆ.

ಬೆಂಗಳೂರಿನ ಆಸ್ಪತ್ರೆಯ ಬಗ್ಗೆ ನನಗೆ ದೂರಿಲ್ಲ. ಒಂದು ಕೌಂಟರಿನಿಂದ ಇನ್ನೊಂದು ಕೌಂಟರಿಗೆ, ಅಲ್ಲಿಂದ ಮೊದಲಿನದಕ್ಕೆ ಎಂದು ಓಡಾಡಿಸಿದರು. ಒಂದು ನಿಲ್ದಾಣವನ್ನು ಹೀಗೆ ನಡೆಸಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು. ಆದರೆ ಕೆಲಸದಲ್ಲಿ ತಡಮಾಡಲಿಲ್ಲ. ಅಳಿಯನ ಗಡ್ಡಕ್ಕೆ ಒಂದು ಬಟ್ಟೆಯ ಚೀಲ ಕಟ್ಟಿ ಒಳಗೆ ಬಿಟ್ಟರು. ಎಕ್ಸ್‌ಪ್ರೆಸ್ಸಿನ ಸುತ್ತಲಿನ ನೀರು ತೆಗೆದರು, ನಾಳಗಳನ್ನು ಸುಟ್ಟು ಮುಚ್ಚಿದರು. ಮರುದಿನ ಸ್ಕ್ಯಾನಿಂಗಿನಲ್ಲಿ ಎರಡು ಹೃದಯಗಳೂ ಇದ್ದವು. ಮಗಳು ಮಲಗಿ ನಿದ್ದೆ ಮಾಡಿದಳು. ಅಪ್ಪೆಹುಳಿ ಕೇಳಿದಳು. ಬೆಂಗಳೂರಿನಲ್ಲಿ ಅಪ್ಪೆಹುಳಿ ಎಲ್ಲಿಂದ ತರುವುದೋ. ಸಂಜೆ ಅಕ್ಕನಿಗೆ ಫೋನು ಮಾಡಿ ಎರಡೂ ಕ್ಷೇಮ ಎಂದೆ. “ನಾಣ್ಯ ಹಾಕಿದ್ಯಲ?” ಎಂದಳು.

ಒಂದು ವಾರದ ಮೇಲೆ ಮತ್ತೆ ನೋಡಿದಾಗ ಒಂದೇ ಹೃದಯ ಇತ್ತು.

ಡಾಕ್ಟರು ನಿಧಾನವಾಗಿ ಹೇಳಿದರು. ಮಗಳು ಕೇಳಿದ ಮೊದಲ ಮಾತು, ಯಾವುದು ಎಂದು. ದೊಡ್ಡದು. ಅಷ್ಟು ದಿನ ಎರಡರ ಪಾಲಿನ ರಕ್ತ ಹೊತ್ತು ಅದರ ಹೃದಯ ಸೋತಿತ್ತು. ಸಣ್ಣದರ ಸುತ್ತ ಈಗ ನೀರು ಬಂದಿದೆ, ಕೈಕಾಲು ಆಡಿಸುತ್ತಿದೆ ಎಂದರು. ನಾವೆಲ್ಲ ಭಯಪಟ್ಟದ್ದು ಸಣ್ಣದಕ್ಕಾಗಿ. ಎಕ್ಸ್‌ಪ್ರೆಸ್ಸಿನ ಬಗ್ಗೆ ಯಾರಿಗೂ ಯೋಚನೆ ಇರಲಿಲ್ಲ. ಮಗಳು ಗೋಡೆಯ ಕಡೆ ಹೊರಳಿದಳು. ಅಳಿಯ ಮಂಚದ ಆ ಬದಿಗೆ ಹೋಗಿ ಗೋಡೆಗೂ ಅವಳಿಗೂ ನಡುವೆ ಇದ್ದ ಇಕ್ಕಟ್ಟಿನಲ್ಲಿ ನಿಂತ. ನಾನು ಹೊರಗೆ ಬಂದೆ.

ತೀರಿಕೊಂಡದ್ದನ್ನು ತೆಗೆಯುವಂತಿಲ್ಲ. ತೆಗೆಯಲು ಹೋದರೆ ಇನ್ನೊಂದಕ್ಕೆ ಅಪಾಯ. ಹೆರಿಗೆಯವರೆಗೆ ಎರಡೂ ಒಳಗೇ ಇರಬೇಕು. ಈ ಸಂಗತಿಯನ್ನು ನೆಂಟರಿಗೆ ತಿಳಿಸುವುದಕ್ಕಿಂತ ಹಬ್ಬದ ದಿನ ಒಂದೇ ಬಸ್ಸಿಗೆ ಮೂರು ಬಸ್ಸಿನ ಜನರನ್ನು ಹತ್ತಿಸುವುದು ಸುಲಭ. ಮಗಳನ್ನು ಸಿದ್ದಾಪುರಕ್ಕೆ ಕಳಿಸದೆ, ಶಿರಸಿಯಲ್ಲಿ ಡಾಕ್ಟರಮ್ಮನ ಆಸ್ಪತ್ರೆಯ ಹತ್ತಿರ ಎರಡು ಕೋಣೆ ಬಾಡಿಗೆಗೆ ಹಿಡಿದು ನಾನೇ ಜೊತೆಗಿದ್ದೆ. ಊಟಕ್ಕೆ, ಮಾತ್ರೆಗೆ, ಮಲಗುವುದಕ್ಕೆ ಹೊತ್ತು ಗೊತ್ತುಮಾಡಿದೆ. ನೋಡಲು ಬರುವವರಿಗೆ ಸಂಜೆ ಮಾತ್ರ ಬನ್ನಿ ಎಂದೆ. ಎಲ್ಲರೂ ಬೆಳಿಗ್ಗೆ ಬಂದರು.

ಬಂದವರೆಲ್ಲ ಬಾಗಿಲಲ್ಲೇ, ಒಂದಾದರೂ ಉಳಿಯಿತಲ್ಲ ಎನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು. ಮಗಳು ಸುಮ್ಮನೆ ಹೊಟ್ಟೆಯ ಎಡಬದಿಯ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದಳು. ಸತ್ತದ್ದು ಒಳಗಿದ್ದರೆ ಇನ್ನೊಂದಕ್ಕೆ ವಿಷವಾಗುವುದಿಲ್ಲವೇ ಎಂದು ಅವಳ ಎದುರಿಗೇ ಕೇಳಿದವರಿದ್ದರು. ಆಗುವುದಿಲ್ಲ, ನಡುವಿನ ದಾರಿಯನ್ನು ಮುಚ್ಚಿಸಿಕೊಂಡು ಬಂದಿದ್ದೇವೆ, ಅದಕ್ಕೆಂದೇ ಹೋದದ್ದು ಎಂದು ನಾನು ಪ್ರತಿ ಸಲ ಅದೇ ದನಿಯಲ್ಲಿ, ನಿಲ್ದಾಣದ ಮೈಕಿನಲ್ಲಿ ಹೇಳಿದ ಹಾಗೆ ಹೇಳುತ್ತಿದ್ದೆ.

ಅರ್ಧಕ್ಕೆ ನಿಲ್ಲಿಸುತ್ತಿದ್ದ ಆ ವಾಕ್ಯವನ್ನು ಒಮ್ಮೆ ಮಾತ್ರ ಒಬ್ಬರು ಮುಗಿಸಿದರು. ನನ್ನ ಅಕ್ಕ. ಚಹಾ ಕುಡಿಯುತ್ತ, ನನ್ನನ್ನು ನೋಡದೆ, ಬೀಗಿತ್ತಿಯ ಕಡೆ ತಿರುಗಿ ಹೇಳಿದಳು. “ಎಂತದೇ ಹೇಳು, ಬಯಕೆ ಊಟದ ಎಲೆಯಿಂದ ಎಬ್ಬಸಲಾಗಿತ್ತಿಲ್ಲೆ. ಎಬ್ಸಿದ್ದಕ್ಕೇ ಒಂದು ಹೋತು.”

ನಾನು ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಮಗಳು ಹೇಳಿದಳು, “ದೊಡ್ಡತ್ತೆ, ಎಬ್ಸಿದ್ದಕ್ಕೆ ಒಂದು ಹೋಗಿದ್ದಲ್ಲ. ಎಬ್ಸಿದ್ದಕ್ಕೆ ಒಂದು ಉಳದ್ದು.”

ಬೀಗಿತ್ತಿ ತಲೆಯೆತ್ತಲಿಲ್ಲ. ತಮ್ಮ ಲೋಟವನ್ನು ಕೆಳಗಿಟ್ಟು ಸೆರಗಿನಿಂದ ಅದರ ಅಂಚು ಒರೆಸಿದರು, ಕೊಳೆ ಇಲ್ಲದಿದ್ದರೂ. ಅಕ್ಕ ಚಹಾ ಮುಗಿಸಿ, ಸಕ್ಕರೆ ಹೆಚ್ಚಾಯಿತು ಎಂದಳು.

ದಿನ ತುಂಬುವ ಮೊದಲೇ, ಡಾಕ್ಟರಮ್ಮ ಕಳಿಸಿದ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ಎರಡೂ ಹೆಣ್ಣು. ಲೋಕಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು, ಅಂಗೈಯಗಲದ ಮುಖ, ಮೈಮೇಲೆಲ್ಲ ನಳಿಗೆ. ಇನ್ನೊಂದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನಮ್ಮ ಕೈಗೆ ಕೊಟ್ಟರು. ಮಗಳು ನೋಡುತ್ತೇನೆಂದಳು, ನೋಡಿದಳು. ಪುರೋಹಿತರಿಗೆ ಫೋನು ಮಾಡಿದೆ. ಅದಕ್ಕೆ ಯಾವ ವಿಧಿಯೂ ಇಲ್ಲ, ಭೂಮಿಗೆ ಕೊಟ್ಟು ಸ್ನಾನ ಮಾಡಿ ಎಂದರು. ಉಗುರು ತೆಗೆಯುವುದಕ್ಕೂ ದಿನ ನೋಡುವ ನಮ್ಮವರು ಇದೊಂದಕ್ಕೆ ಮಾತ್ರ ಏನನ್ನೂ ಇಟ್ಟುಕೊಂಡಿಲ್ಲ. ನಾನೂ ಅಳಿಯನೂ ಹೋಗಿ ಬಂದೆವು. ಅಲ್ಲಿಂದ ಅವನು ನೇರವಾಗಿ ಕ್ಷೌರದಂಗಡಿಗೆ ಹೋದ. ಹೊರಗೆ ಬಂದಾಗ ನನಗೆ ಗುರುತು ಸಿಗಲಿಲ್ಲ. ಎಷ್ಟು ಎಳೆಯ ಮುಖ.

ಲೋಕಲ್ ತಡವಾಗಿ ಮನೆಗೆ ಬಂದಳು. ಈಗ ಅವಳಿಗೆ ಎಲ್ಲರೂ ಕರೆಯುವ ಬೇರೆ ಹೆಸರಿದೆ. ನಾವಿಬ್ಬರು, ಅಪ್ಪ ಮಗಳು ಮಾತ್ರ ಹಳೆಯದನ್ನು ಬಿಟ್ಟಿಲ್ಲ.

ಅನ್ನಪ್ರಾಶನಕ್ಕೆ ಸಿದ್ದಾಪುರದಲ್ಲಿ ಮತ್ತೆ ಅದೇ ಜಗಲಿ, ಅದೇ ಸಾಲು, ಅದೇ ಪುರೋಹಿತರು. ಮಗುವಿನ ಬಾಯಿಗೆ ಪಾಯಸ ಮುಟ್ಟಿಸಿದ ಮೇಲೆ ಅವಳನ್ನು ಒಳಗೆ ಮಲಗಿಸಿ ಎಲ್ಲರೂ ಊಟಕ್ಕೆ ಕೂತರು. ವಾನಳ್ಳಿಯ ಅತ್ತಿಗೆ, ಹುಲೇಕಲ್ಲಿನ ಚಿಕ್ಕಮ್ಮ, ತುದಿಯಲ್ಲಿ ನನ್ನ ಅಕ್ಕ. ಮಗು ಸೊರಗಿದೆ, ತುಪ್ಪ ಸಾಲದು, ಅತ್ರಾಸು ಕೊಡಬಹುದೇ ಎಂಬ ಚರ್ಚೆ ಆಗಲೇ ಶುರುವಾಗಿತ್ತು. ಕೇಳಲಾರದೆ ನಾನು ಎಲೆಯ ತುದಿಯ ಉಪ್ಪಿನಕಾಯಿಯನ್ನು ನೋಡುತ್ತ ಕೂತಿದ್ದೆ. ಹೋಳಿಗೆ ಬರಬೇಕು, ಅಷ್ಟರಲ್ಲಿ ಒಳಗಿನಿಂದ ಅಳು ಕೇಳಿಸಿತು. ಸಣ್ಣ ದನಿ. ಅವಳ ದನಿ ಈಗಲೂ ಸಣ್ಣದು.

ಮಗಳ ಕೈ ನಿಂತಿತು. ಎದ್ದುಹೋಗುವಂತಿಲ್ಲ, ಕೂತಿರಲೂ ಆಗುವುದಿಲ್ಲ. ಸಾಲಿಡೀ ತಲೆ ತಗ್ಗಿಸಿ ಅವಳನ್ನೇ ನೋಡುತ್ತಿತ್ತು. ಆ ಹಳೆಯ ದಿನ ಯಾರಿಗೂ ಮರೆತಿರಲಿಲ್ಲ. ನಾನು ಏಳಬೇಕೆಂದು ಕೈ ಊರಿದೆ. ನನಗಿಂತ ಮೊದಲು, ಅವಳ ಪಕ್ಕದಲ್ಲಿ ಕೂತಿದ್ದ ಬೀಗಿತ್ತಿ ಎದ್ದರು. ಎಡಗೈಯಿಂದ ಸೊಸೆಯ ತೋಳು ಹಿಡಿದು ಎಬ್ಬಿಸಿದರು.

“ಏಳೇ. ಕೂಸು ಅಳ್ತಾ ಇದ್ದು, ಹೋಗು.” ಆಮೇಲೆ ಸಾಲಿನ ಕಡೆ ತಿರುಗಿ, ಅದೇ ಏರದ ದನಿಯಲ್ಲಿ, “ನಿಂಗ ಎಲ್ಲ ಉಣ್ಣಿ. ಎಂತ ನೋಡ್ತಿ?”

“ಹೋಳಿಗೆ ಬಪ್ಪಲಾಗಿತ್ತು” ಎಂದಳು ನನ್ನ ಅಕ್ಕ, ಯಾರಿಗೆಂದಿಲ್ಲದೆ.

ಅಳಿಯ ಹೋಳಿಗೆಯ ಪಾತ್ರೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಗಡ್ಡವಿಲ್ಲದ ಮುಖದಿಂದ ನನ್ನತ್ತ ನೋಡಿದ. ಬಡಿಸು ಎಂದು ಕೈಸನ್ನೆ ಮಾಡಿದೆ, ಬಸ್ಸು ಬಿಡುವಾಗ ಮಾಡುತ್ತಿದ್ದ ಅದೇ ಸನ್ನೆ. ಸಾಲಿನ ಆ ತುದಿಯಿಂದ ಅವನು ಶುರುಮಾಡಿದ. ಅವನು ಈ ತುದಿ ಮುಟ್ಟುವ ಹೊತ್ತಿಗೆ ಮಗಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಗೆ ಬಂದಳು. ಎದ್ದ ಎಲೆಗೆ ಮತ್ತೆ ಕೂರುವ ಕ್ರಮ ನಮ್ಮಲ್ಲಿಲ್ಲ. ಅವಳು ಕೂತಳು. ಬೀಗಿತ್ತಿಯೂ ಪಕ್ಕದಲ್ಲಿ ಕೂತು, ಸೊಸೆಯ ಎಲೆಯತ್ತ ಬೆರಳು ತೋರಿಸಿ ಮಗನಿಗೆ ಎರಡು ಹಾಕು ಎಂದರು.